ಗರುಡ ಒಣಗುವ ತನಕ

ತೊಂಬತ್ತರ ದಶಕದ ಆರಂಭದಲ್ಲಿ 180 ನಿಮಿಷದ ವಿಎಚ್‌ಎಸ್ ಕ್ಯಾಸೆಟ್ಟಿಗೆ 120 ರೂಪಾಯಿ ಕೊಟ್ಟಿದ್ದೆವು. ಕ್ಯಾಮೆರಾ ಮದುವೆ ವಿಡಿಯೊ ತೆಗೆಯುವವರದು. ದಿನಕ್ಕೆ 300 ರೂಪಾಯಿ ಬಾಡಿಗೆ, ಅದನ್ನು ಕಾಯಲು ಬಂದ ಅಂಗಡಿ ಹುಡುಗನ ಊಟವೂ ನಮ್ಮದೇ. ಪತ್ರಿಕೋದ್ಯಮ ಓದುತ್ತಿದ್ದ ನಾವು ನಾಲ್ವರು ವಂತಿಗೆ ಹಾಕಿಕೊಂಡು ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೊರಟೆವು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಚಿತ್ರಗಾರರೊಬ್ಬರ ಮನೆಯ ಪಡಸಾಲೆಗೆ ಕಾಲಿಟ್ಟೊಡನೆ ಹುಣಸೆಬೀಜದ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಸೊಸೆ ಒರಳಿನ ಮುಂದೆ ಕೂತಿದ್ದಳು. ನೆನೆಸಿ, ಒಣಗಿಸಿ, ಪುಡಿ ಮಾಡಿದ ಗೋಣಿನಾರಿಗೆ ಮರದ ಹೊಟ್ಟನ್ನೂ ಆ ಅಂಟನ್ನೂ ಕಲೆಸಿದರೆ ಕಿಟ್ಟ. ಹಗುರ ಮರದಲ್ಲಿ ಬಿಡಿಬಿಡಿಯಾಗಿ ಕೆತ್ತಿದ ಗರುಡನ ಕೈಕಾಲು, ರೆಕ್ಕೆಗಳನ್ನು ಜೋಡಿಸಿ ಮೈತುಂಬ ಅದನ್ನು ಬಳಿದರು. ಮೇಲೆ ಹತ್ತಿಬಟ್ಟೆಯ ಚೂರು, ಅದರ ಮೇಲೆ ಕಲ್ಲುಪುಡಿಯ ಲೇಪ. ಕೊರಳ ಸರ, ತೋಳಬಂದಿಗಳನ್ನು ಗೋಂದು ಬೆರೆಸಿದ ಕಲ್ಲುಪುಡಿಯಲ್ಲೇ ಎಳೆಎಳೆಯಾಗಿ ಉಬ್ಬಿಸುತ್ತಿದ್ದರು. ಬಣ್ಣದ ಸರದಿ ಆಮೇಲೆ.

ಒಂದೇ ದಿನದಲ್ಲಿ ಮುಗಿಸುವುದು ನಮ್ಮ ಲೆಕ್ಕ. "ತಮ್ಮಾ, ಗರುಡ ಒಣಗೂ ಮಟಾ ನಿಮ್ಮ ಮಷೀನ್ ಬಂದ್ ಇಡ್ರಿ" ಅಂದರು ಮನೆಯ ಹಿರಿಯರು. ಬಾಡಿಗೆ ಏರುವ ಭಯಕ್ಕೆ ಕ್ಯಾಮೆರಾ ವಾಪಸ್ ಕಳಿಸಿ ಅಲ್ಲೇ ಉಳಿದೆವು. ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಲೆ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳು ತಮ್ಮ ಹಿರಿಯರವೆಂಬ ಮಾತನ್ನು ಅವರು ತೆಗೆದದ್ದು ಆ ರಾತ್ರಿ, ಚಿಮಣಿ ಬುಡ್ಡಿಯ ಮುಂದೆ. ಅವರು ಮನಸ್ಸು ಬಿಚ್ಚಿ ಆಡಿದ ಯಾವ ಮಾತೂ ನಮ್ಮ ಟೇಪಿನಲ್ಲಿರಲಿಲ್ಲ. ಆದರೆ ಏನು ಕೇಳಬೇಕೆಂದು ನಮಗೆ ತಿಳಿದದ್ದೇ ಆ ಕಾಯುವಿಕೆಯಲ್ಲಿ.

ಚಿತ್ರ ಮುಗಿದ ಮೇಲೆ ಅದನ್ನು ತೋರಿಸಲು ಟಿವಿ, ವಿಸಿಪಿ ಬಾಡಿಗೆ ತಂದು ಗುಡಿಯ ಕಟ್ಟೆಯ ಮೇಲಿಟ್ಟೆವು. ಓಣಿಗೆ ಓಣಿಯೇ ನೆರೆಯಿತು. ಪರದೆಯ ತುಂಬ ತಮ್ಮ ಕೈಗಳನ್ನು ಕಂಡು ಹಿರಿಯರು ಸುಮ್ಮನೆ ಕೂತಿದ್ದರು. ಮುಗಿದ ಮೇಲೆ ಕೇಳಿದರು: "ರೇಟು ಹೇಳಲಿಲ್ಲಲ್ಲ? ಬೇಕಾದವರು ಎಲ್ಲಿಗೆ ಬರಬೇಕು?"

ಈಚೆಗೆ ಅದೇ ಊರಿಗೆ ಹೊರಟ ವಿದ್ಯಾರ್ಥಿಗಳ ಜೊತೆ ನಾನೂ ಹೋಗಿದ್ದೆ. ಅವರ ಸಾಮಾನೆಂದರೆ ಎರಡು ಮೊಬೈಲು, ಅಂಗಿಗೆ ಸಿಕ್ಕಿಸುವ ಮೈಕು. ಕಿನ್ನಾಳದ ಗೊಂಬೆಗೆ ಈಗ ಜಿಐ ಮಾನ್ಯತೆಯಿದೆ. ಅದರ ಬಗ್ಗೆ ಚೆನ್ನಾಗಿ ಓದಿಕೊಂಡೇ ಬಂದಿದ್ದರು. ತೆಗೆದದ್ದನ್ನು ಅಲ್ಲೇ ತೋರಿಸಿದರೆ, "ಈ ಕಡೆ ಬೆಳಕು ಚಲೋ ಇಲ್ಲ, ಇನ್ನೊಮ್ಮೆ ತಗೀರಿ" ಅಂತ ಕಲಾವಿದರೇ ಹೇಳಿದರು. ನಮ್ಮ ಚಿತ್ರದಲ್ಲಿ ಒಂದು ಮಾತೂ ಆಡದ ಸೊಸೆ, ಈಗ ತಾನೇ ಅತ್ತೆಯಾಗಿ, ಅಂಟಿನ ಹದವನ್ನು ಮೊದಲಿಂದ ಕೊನೆಯವರೆಗೆ ವಿವರಿಸಿದಳು. ನನಗೆ ಅದು ಬಹಳ ಹಿಡಿಸಿತು. ಸಂಜೆಯ ಬಸ್ಸಿಗೆ ಎದ್ದ ಹುಡುಗರನ್ನು ಮಾತ್ರ ನಾನು ಬಿಡಲಿಲ್ಲ. ಗೊಂಬೆ ಒಣಗುವ ತನಕ ಕೂರಿಸಿದೆ.

ನಮ್ಮ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಎಷ್ಟೋ ವರ್ಷವಾಯಿತು. ಈ ಹುಡುಗರ ಐದು ನಿಮಿಷದ ಚಿತ್ರ ಆ ಮನೆಯವರ ಫೋನಿನಲ್ಲೇ ಇದೆ. ಕೊನೆಯಲ್ಲಿ ವಿಳಾಸ, ಫೋನ್ ನಂಬರು, ಗರುಡನ ದರ. ಗಿರಾಕಿ ಚೌಕಾಸಿಗಿಳಿದರೆ ಮೊಮ್ಮಗ ಮೊದಲು ಕಿಟ್ಟ ಬಳಿಯುವ ಭಾಗವನ್ನು ಕಳಿಸಿ, ಆಮೇಲೆ ಮಾತಾಡುತ್ತಾನೆ.