ಬೇಜಾರಿಗೊಂದು ವ್ಯಾಕರಣ

ಜಯನಗರ ನಾಲ್ಕನೇ ಟಿ ಬ್ಲಾಕಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಶನಿವಾರ ಸಂಜೆ ನಾನು ಸ್ಪ್ಯಾನಿಷ್ ಪಾಠ ಹೇಳುತ್ತೇನೆ ಎಂದರೆ ಎದುರುಮನೆಯ ಅಜ್ಜಿಗೆ ಇವತ್ತಿಗೂ ನಂಬಿಕೆಯಿಲ್ಲ. "ನೀನು ಸಂಗೀತ ಹೇಳಿಕೊಡ್ತೀಯೇನೋ ಅಂದ್ಕೊಂಡಿದ್ದೆ ಕಣಮ್ಮ. ಎಲ್ಲರೂ ಒಟ್ಟಿಗೆ ಏನೋ ಎಳೀತಿರ್ತಾರಲ್ಲ!" ಎನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಆಬ್ಲೊ, ಆಬ್ಲಾಸ್, ಆಬ್ಲಾ ಎಂದು ಐದಾರು ಗಂಟಲುಗಳು ಒಟ್ಟಿಗೆ ಹೊರಟರೆ ಹೊರಗಿನವರ ಕಿವಿಗೆ ಅದು ಸರಳೆ ವರಸೆಯೇ.

ಗಂಡನ ಕೆಲಸದ ದೆಸೆಯಿಂದ ನಾಲ್ಕು ವರ್ಷ ಮ್ಯಾಡ್ರಿಡ್ಡಿನಲ್ಲಿದ್ದು, ತರಕಾರಿ ಅಂಗಡಿಯಲ್ಲಿ ಕಲಿತ ಭಾಷೆಗೆ ಆಮೇಲೆ ಪುಸ್ತಕ, ಪರೀಕ್ಷೆಗಳ ಒಗ್ಗರಣೆ ಹಾಕಿಕೊಂಡವಳು ನಾನು. ನನ್ನ ಬಳಿ ಬರುವವರೋ, ಬಿ.ಟಿ.ಎಂ. ಲೇಔಟಿನ ಇಬ್ಬರು ಸಾಫ್ಟ್‌ವೇರ್ ಹುಡುಗರು, ತಿಲಕ್ ನಗರದ ಒಬ್ಬಾಕೆ ನರ್ಸ್, ಬನಶಂಕರಿಯ ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಜೆ.ಪಿ. ನಗರದ ಒಬ್ಬಳು ಪಿ.ಯು.ಸಿ. ಹುಡುಗಿ. ಬ್ಯಾಂಕಿನ ರಾಯರ ಸೊಸೆ ಚಿಲಿ ದೇಶದವಳು. ಮೊಮ್ಮಗನ ಜೊತೆ ಅವನ ಭಾಷೆಯಲ್ಲಿ ನಾಲ್ಕು ಮಾತಾಡಬೇಕೆಂಬುದು ಅವರ ಆಸೆ.

ಮೊದಲ ಕೆಲವು ತಿಂಗಳು ಎಲ್ಲ ಸಲೀಸು. 'ನನಗೆ ಇಷ್ಟವಾಗುತ್ತದೆ', 'ನನಗೆ ಭಯವಾಗುತ್ತದೆ' ಎಂದು ಭಾವನೆಗಳನ್ನೆಲ್ಲ 'ನನಗೆ' ಹಚ್ಚಿ ಹೇಳುವ ನಾವು ಸ್ಪ್ಯಾನಿಷ್‌ನ 'ಮೆ ಗುಸ್ತಾ', 'ಮೆ ದಾ ಮಿಯೆದೊ'ಗಳನ್ನು ಸುಲಭವಾಗಿ ನುಂಗಿಬಿಡುತ್ತೇವೆ. ಇಂಗ್ಲಿಷಿನವರು ಅಲ್ಲಿ ತಿಣುಕುತ್ತಾರೆ. ಆದರೆ 'ಸಬ್ಜಂಕ್ಟಿವ್' ಎಂಬ ಅಧ್ಯಾಯ ಬಂತೆನ್ನಿ, ಎಲ್ಲರ ಮುಖವೂ ಹಸಿ ಹಾಗಲಕಾಯಿ ಕಡಿದಂತೆ ಆಗುತ್ತದೆ.

ವಿಷಯ ಇಷ್ಟೆ. 'ವಿಯೆನೆ' ಎಂದರೆ ಬರುತ್ತಾನೆ. ಅದು ಸುದ್ದಿ. 'ವೆಂಗಾ' ಎಂದರೆ ಬರಲಿ, ಬಂದಾನು. ಅದು ಸುದ್ದಿಯಲ್ಲ, ಮನಸ್ಸು. ನಡೆಯಲಿ ಎಂಬ ಆಸೆ, ನಡೆದೀತು ಎಂಬ ಭಯ, ನಡೆಯುವುದುಂಟೇ ಎಂಬ ಅನುಮಾನ, ಇವೆಲ್ಲಕ್ಕೂ ಕ್ರಿಯಾಪದ ಬೇರೆ ಸೀರೆ ಉಡಬೇಕು. ಬಂದವನು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರೂ 'ನೀನು ಬಂದದ್ದು ನನಗೆ ಸಂತೋಷ' ಎನ್ನುವಾಗ ಅದೇ ಸೀರೆ! ಬಂದದ್ದು ನಿಜವಾದರೂ ಮಾತು ನನ್ನ ಸಂತೋಷದ್ದು ತಾನೆ?

ಒಂದು ದಿನ ನನಗೆ ನನ್ನ ಮಿಡ್ಲ್‌ಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು. ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂದು ನಾವು ಎರಡು ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆತದ್ದು ಇದನ್ನೇ ಅಲ್ಲವೇ? 'ಒಳ್ಳೆಯದಾಗಲಿ' ವಿಧ್ಯರ್ಥ. 'ಹಾಲು ಉಕ್ಕೀತು, ನೋಡು', 'ಮಳೆ ಬಂದೀತು, ಹಪ್ಪಳ ಒಳಗಿಡು', 'ಬಿದ್ದೀಯೇ, ಜೋಕೆ', ನಮ್ಮಜ್ಜಿ ದಿನಕ್ಕೆ ನೂರು ಸಲ ಆಡುತ್ತಿದ್ದ ಇವೆಲ್ಲ ಸಂಭಾವನಾರ್ಥ. ಸ್ಪ್ಯಾನಿಷ್ ಭಾಷೆಗೆ ಆಂತೋನಿಯೊ ದೆ ನೆಬ್ರಿಹಾ ವ್ಯಾಕರಣ ಬರೆದದ್ದು 1492ರಲ್ಲಿ. ನಮ್ಮ ಕೇಶಿರಾಜನ 'ಶಬ್ದಮಣಿದರ್ಪಣ' 13ನೇ ಶತಮಾನದ್ದು, ಇನ್ನೂರು ವರ್ಷ ಹಿರಿಯದು. ಇಷ್ಟು ಹೇಳಿದ್ದೇ ತಡ, ರಾಯರು ನೆಟ್ಟಗೆ ಕೂತರು.

'ಓಹಾಲಾ' ಎಂಬ ಮಾತನ್ನು ಕಲಿಸಬೇಕಾಗಿಯೇ ಬರಲಿಲ್ಲ. 'ಹಾಗಾಗಲಪ್ಪಾ' ಎಂದು ಹಾರೈಸುವ ಈ ಮಾತಿನ ಬೆನ್ನಿಗೆ ಯಾವಾಗಲೂ ಸಬ್ಜಂಕ್ಟಿವ್ ಬರುತ್ತದೆ. ಸ್ಪೇನಿನಲ್ಲಿ 711ರಿಂದ 1492ರವರೆಗೆ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಮ್ ಅರಸರ ಆಳ್ವಿಕೆಯಿತ್ತಲ್ಲ, ಆಗ ಅರಬ್ಬಿಯಿಂದ ಬಂದು ಉಳಿದ ಮಾತು ಅದು. 'ದೇವರು ಇಚ್ಛಿಸಿದರೆ' ಎಂಬರ್ಥ ಅದರ ಹೊಟ್ಟೆಯಲ್ಲಿದೆ. ತಿಲಕ್ ನಗರದ ನರ್ಸ್ ನಕ್ಕು, "ಇದು ನಮ್ಮನೆ ಇನ್‌ಶಾ ಅಲ್ಲಾಗೆ ತಂಗಿಯಾಗಬೇಕು ಮೇಡಂ" ಎಂದರು.

ಆಸೆ, ಭಯ, ಸಂತೋಷ, ಅನುಮಾನಗಳ ವ್ಯಾಕರಣ ಕಲಿಸಬೇಕಾದರೆ ಮೊದಲು ಆಸೆ, ಭಯ, ಸಂತೋಷಗಳಿಗೆ ಹೆಸರು ಗೊತ್ತಿರಬೇಕಲ್ಲ? ಪಾಠದ ಮೊದಲು ಒಬ್ಬೊಬ್ಬರನ್ನೂ 'ಕೋಮೊ ಎಸ್ತಾಸ್', ಹೇಗಿದ್ದೀಯ ಎಂದು ಕೇಳುತ್ತೇನೆ. ಎಲ್ಲರದೂ ಒಂದೇ ಉತ್ತರ, 'ಬಿಯೆನ್'. ರಾತ್ರಿ ಪಾಳಿ ಮುಗಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದವನೂ ಬಿಯೆನ್, ಜ್ವರ ಬಿಟ್ಟು ಎದ್ದು ಬಂದವರೂ ಬಿಯೆನ್. ನಮ್ಮ 'ಪರವಾಗಿಲ್ಲ' ವೇಷ ಬದಲಿಸಿಕೊಂಡು ಬಂದಿದೆ, ಅಷ್ಟೆ. ಕೊನೆಗೆ, "ಇನ್ನು ಮೇಲೆ ಈ ಕೋಣೆಯಲ್ಲಿ ಬಿಯೆನ್ ನಿಷೇಧ" ಎಂದೆ.

ಹುಡುಗಿ, "ಹಾಗಾದ್ರೆ ಬೇಜಾರಿಗೆ ಏನಂತಾರೆ ಆಂಟಿ?" ಎಂದಳು.

ಯಾವ ಬೇಜಾರು? ನಾವು ಹೊತ್ತು ಹೋಗದಿದ್ದರೂ ಬೇಜಾರು ಎನ್ನುತ್ತೇವೆ, ಗೆಳತಿ ಮಾತು ಬಿಟ್ಟರೂ ಬೇಜಾರು, ಯಾರಾದರೂ ಸತ್ತರೂ ಬೇಜಾರು. ಒಂದೇ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲ ಸುರಿದಿಟ್ಟಂತೆ. ಸ್ಪ್ಯಾನಿಷ್ ಹೇಳಬೇಕಾದರೆ ಡಬ್ಬಿ ಬಗ್ಗಿಸಿ ಆರಿಸಬೇಕು. ಹೊತ್ತು ಹೋಗದವಳು 'ಅಬುರ್ರಿದಾ', ದುಃಖದಲ್ಲಿರುವವಳು 'ತ್ರಿಸ್ತೆ', ಯಾರದೋ ಮಾತಿನಿಂದ ನೊಂದವಳು 'ದೋಲಿದಾ', ಸಾಕುಸಾಕಾಗಿ ಹೋದವಳು 'ಆರ್ತಾ'. ನಮ್ಮ ಸಂಸ್ಕೃತದ ಆರ್ತಳಿಗೂ ಇವಳಿಗೂ ನೆಂಟಸ್ತನವಿಲ್ಲ. ಲ್ಯಾಟಿನ್ನಿನಲ್ಲಿ ಬಿರಿಯುವಂತೆ ತುರುಕಿದ್ದು ಎಂಬ ಅರ್ಥದಿಂದ ಬಂದವಳು ಇವಳು. ಆದರೂ ಇಬ್ಬರನ್ನೂ ಒಂದೇ ಮನೆಯಲ್ಲಿ ನೋಡಿದಂತಾಗುತ್ತದಲ್ಲವೇ? ಹುಡುಗಿ ನಾಲ್ಕನ್ನೂ ಬರೆದುಕೊಂಡು 'ಆರ್ತಾ' ಎಂಬುದರ ಕೆಳಗೆ ಗೆರೆ ಎಳೆದಳು. ನಾನು ನೋಡಿದೆ, ಆದರೆ ಗಮನಿಸಲಿಲ್ಲ.

ಮುಂದಿನ ವಾರದ ಪಾಠ 'ಕೆರೆರ್', ಅಂದರೆ ಬೇಕು ಎನ್ನುವ ಕ್ರಿಯಾಪದ. ಸ್ಪ್ಯಾನಿಷ್‌ನಲ್ಲಿ ಪ್ರೀತಿಸುವುದಕ್ಕೂ ಇದನ್ನೇ ಬಳಸುತ್ತಾರೆ. ಇದಕ್ಕೊಂದು ಸೊಗಸಾದ ನಿಯಮವಿದೆ. ಬೇಕೆನ್ನುವವಳೂ ನಾನೇ, ಮಾಡುವವಳೂ ನಾನೇ ಆದರೆ ಕ್ರಿಯಾಪದಕ್ಕೆ ಯಾವ ರಗಳೆಯೂ ಇಲ್ಲ. 'ಕಿಯೆರೊ ಲೇರ್', ನನಗೆ ಓದಬೇಕು. ಅಷ್ಟೆ. ಆದರೆ ಬೇಕೆನ್ನುವವರು ಒಬ್ಬರು, ಮಾಡಬೇಕಾದವರು ಇನ್ನೊಬ್ಬರು ಆದಾಗ ನಡುವೆ ಸಬ್ಜಂಕ್ಟಿವ್ ಬಂದು ಕೂರುತ್ತದೆ. 'ಕಿಯೆರೊ ಕೆ ಲೇಯಾಸ್', ನೀನು ಓದಬೇಕು ಎಂಬುದು ನನ್ನಾಸೆ. ಒಬ್ಬರ ಆಸೆ ಇನ್ನೊಬ್ಬರ ಹೆಗಲೇರಿದ ಕ್ಷಣವೇ ವ್ಯಾಕರಣ ಬದಲಾಗುತ್ತದೆ! ಎರಡೂ ಬಗೆ ಕಲೆಸಿ ಹತ್ತು ವಾಕ್ಯ ಬರೆದು ತನ್ನಿ ಎಂದೆ.

ಹುಡುಗಿ ಬರೆದು ತಂದಳು. ಅಮ್ಮನಿಗೆ ನಾನು ಐದು ಗಂಟೆಗೆ ಏಳಬೇಕು. ಅಪ್ಪನಿಗೆ ನಾನು ನೀಟ್ ಪಾಸಾಗಬೇಕು. ಅಜ್ಜಿಗೆ ನಾನು ದಪ್ಪಗಾಗಬೇಕು. ಅತ್ತೆಗೆ ನಾನು ಸಣ್ಣಗಾಗಬೇಕು. ಹೀಗೆ ಹತ್ತಕ್ಕೆ ಹತ್ತು. ಒಂದು ಅಕ್ಷರ ತಪ್ಪಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಅಜ್ಜಿ, ಅತ್ತೆಯ ವಾಕ್ಯಕ್ಕೆ ಎಲ್ಲರೂ ಗೊಳ್ಳೆಂದು ನಕ್ಕರು. "ಎಲ್ಲಾ ಸರಿ, ನಿನ್ನದು ಅಂತ ಒಂದೂ ಬೇಕು ಇಲ್ಲವಲ್ಲೇ!" ಎಂದು ನಾನೂ ಒಂದು ಮಾತು ಸೇರಿಸಿದೆ. ಅವಳೂ ನಕ್ಕಳು.

ಮುಂದಿನ ಮೂರು ಶನಿವಾರ ಅವಳು ಬರಲಿಲ್ಲ.

ಮೊದಲ ವಾರ ಪರೀಕ್ಷೆ ಇರಬೇಕು ಎಂದುಕೊಂಡೆ. ಎರಡನೇ ವಾರ ಪುಸ್ತಕ ತೆಗೆದಾಗ ಆ 'ಆರ್ತಾ' ಕೆಳಗಿನ ಗೆರೆ ಕಣ್ಣಮುಂದೆ ಬಂತು. ಆ ಮಗು ಹತ್ತು ವಾಕ್ಯದಲ್ಲಿ ತನ್ನ ಮನೆಯನ್ನೇ ನನ್ನ ಕೈಗೆ ಕೊಟ್ಟಿತ್ತು. ನಾನು ಅದನ್ನು ಉದಾಹರಣೆ ಮಾಡಿ ಹಂಚಿಬಿಟ್ಟಿದ್ದೆ. ಭಾವನೆಗಳಿಗೆ ಹೆಸರು ಕಲಿಸುತ್ತೇನೆಂದು ಹೊರಟವಳಿಗೆ ಕಣ್ಣೆದುರಿನ ಮುಖ ಓದಲು ಬರಲಿಲ್ಲ.

ನಾಲ್ಕನೇ ವಾರ ಬಂದಳು. ಉಳಿದವರು ಬರುವ ಮೊದಲು ವರಾಂಡದಲ್ಲಿ ಕೂರಿಸಿಕೊಂಡು, "ಲೊ ಸಿಯೆಂತೊ" ಎಂದೆ. ನಮ್ಮಲ್ಲಿ 'ತಪ್ಪಾಯ್ತು' ಎಂದು ಚಿಕ್ಕವರು ದೊಡ್ಡವರಿಗೆ ಹೇಳುತ್ತಾರೆ. ದೊಡ್ಡವರಿಗೆ ತಪ್ಪಾಯ್ತು ಅನ್ನಿಸಿದರೆ ಮರುದಿನ ಬೆಳಿಗ್ಗೆ ಮಸಾಲೆದೋಸೆ ಆಗುತ್ತದೆ, ಅಷ್ಟೆ. ಸ್ಪ್ಯಾನಿಷ್‌ನ ಈ ಮಾತಿಗೆ ಅಕ್ಷರಶಃ ಅರ್ಥ 'ಅದು ನನಗೆ ತಾಕಿದೆ' ಎಂದು. ಹಾಗಾಗಿ ನನಗೆ ಹೇಳಲು ಸುಲಭವಾಯಿತೋ ಏನೋ.

"ಪರವಾಗಿಲ್ಲ ಆಂಟಿ" ಎಂದಳು.

"ಅದೂ ಬಿಯೆನ್ ಇದ್ದ ಹಾಗೇ. ಇಲ್ಲಿ ನಿಷೇಧ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ದೋಲಿದಾ" ಎಂದಳು. ಆಮೇಲೆ ನೋಟ್‌ಬುಕ್ ತೆಗೆದು ತೋರಿಸಿದಳು. 'ಕಿಯೆರೊ' ಎಂದು ಹತ್ತು ಸಲ ಬರೆದು ಮುಂದೆ ಖಾಲಿ ಬಿಟ್ಟಿದ್ದಳು. ಮೊದಲನೆಯದರ ಮುಂದೆ ಮಾತ್ರ ಒಂದು ಪದ ಇತ್ತು, 'ದೋರ್ಮಿರ್'. ನನಗೆ ನಿದ್ದೆ ಮಾಡಬೇಕು.

ಅಂದಿನಿಂದ ನನ್ನ ತರಗತಿಗೆ ಎರಡು ನಿಯಮ. ಯಾರ ವಾಕ್ಯವನ್ನೂ ಅವರ ಒಪ್ಪಿಗೆಯಿಲ್ಲದೆ ಓದುವುದಿಲ್ಲ. ಕ್ರಿಯಾಪದ ತಿದ್ದುತ್ತೇನೆ, ಬದುಕನ್ನು ತಿದ್ದಲು ಹೋಗುವುದಿಲ್ಲ. ನಾನು ಭಾಷೆಯ ಮೇಷ್ಟರು, ಮನಸ್ಸಿನ ಡಾಕ್ಟರಲ್ಲ. ಅದಕ್ಕೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. 2022ರಲ್ಲಿ ಶುರುವಾದ ಟೆಲಿ-ಮಾನಸ್‌ನ 14416 ಎಂಬ ಸಂಖ್ಯೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದೇನೆ, ಅಳಿಸುವುದಿಲ್ಲ. ಮೊನ್ನೆ 'ಹಾಗಾಗಿದ್ದಿದ್ದರೆ' ಎಂಬ ಭೂತಕಾಲದ ಪಾಠದಲ್ಲಿ ರಾಯರು ಒಂದೇ ವಾಕ್ಯ ಬರೆದು, "ಅರ್ಥ ನೋಡಬೇಡಿ ಮೇಡಂ, ಕ್ರಿಯಾಪದ ಮಾತ್ರ ನೋಡಿ" ಎಂದರು. ತೀರಿಕೊಂಡ ಹೆಂಡತಿಯ ಹೆಸರಿತ್ತು. ಒಂದು ಅಕ್ಷರ ತಿದ್ದಿ ಕೊಟ್ಟೆ.

ಹುಡುಗಿಯ ಖಾಲಿ ಜಾಗಗಳು ನಿಧಾನಕ್ಕೆ ತುಂಬಿದವು. ನಾಲ್ಕನೆಯದನ್ನು ನೋಡಿ ನನಗೆ ನಾಚಿಕೆಯಾಯಿತು. 'ನನಗೆ ಡಾಕ್ಟರ್ ಆಗಬೇಕು.' ನಾನು ಆಗಲೇ ಅವಳ ಅಪ್ಪನ ಮೇಲೆ ಮನಸ್ಸಿನಲ್ಲೇ ದೊಡ್ಡ ಆಪಾದನಾ ಪಟ್ಟಿ ಬರೆದು ಮುಗಿಸಿದ್ದೆ! ಆಸೆ ಅವಳದೂ ಹೌದು. ಆದರೆ ಮನೆಯವರೆಲ್ಲ ಮೊದಲೇ ಆಸೆಪಟ್ಟುಬಿಟ್ಟಿದ್ದರಿಂದ ಅವಳಿಗೆ ತಾನೇ ಆಸೆಪಡಲು ಜಾಗ ಸಿಕ್ಕಿರಲಿಲ್ಲ.

ಒಮ್ಮೆ ಅವಳ ತಾಯಿ ಕರೆದೊಯ್ಯಲು ಬಂದವರು ಕಾಫಿಗೆ ಕೂತರು. "ಓದಿಗೆ ತೊಂದರೆ ಆಗದಿದ್ದರೆ ಸಾಕು ರೀ" ಎಂದರು. ನೋಟ್‌ಬುಕ್ಕಿನ ಮಾತು ನಾನು ಎತ್ತಲಿಲ್ಲ. ಸುಮ್ಮನೆ, "ನಿಮಗೇನು ಬೇಕು?" ಎಂದು ಕೇಳಿದೆ.

"ನನಗಾ? ಅವಳು ಚೆನ್ನಾಗಿರಲಿ, ಅಷ್ಟೆ."

ನೋಡಿ, ವಿಧ್ಯರ್ಥ! "ಅದು ಅವಳ ವಿಷಯ ಆಯ್ತು. ನಿಮಗೆ?" ಎಂದೆ. ಅವರು ಲೋಟದೊಳಗೆ ನೋಡುತ್ತಾ ಕೂತರು. "ಯೋಚನೇನೇ ಮಾಡಿಲ್ಲಪ್ಪ" ಎಂದು ನಕ್ಕು ಎದ್ದರು. ಗೇಟಿನ ಹತ್ತಿರ ಹೋದವರು ತಿರುಗಿ, "ಮದುವೆಗೆ ಮುಂಚೆ ಕಾರು ಕಲೀಬೇಕು ಅಂತಿತ್ತು" ಎಂದರು. ಮಗಳು ಅಮ್ಮನ ಮುಖವನ್ನೇ ನೋಡಿದಳು.

ಅವತ್ತು ರಾತ್ರಿ ಪುಣೆಯಲ್ಲಿರುವ ನನ್ನ ಮಗಳಿಗೆ ಫೋನ್ ಮಾಡಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆಗೆ ಎಣ್ಣೆ ಹಚ್ಚು, ಬೇಗ ಮಲಗು, ಮಾಡು, ಹಚ್ಚು, ಮಲಗು... ಎಣಿಸುತ್ತಾ ಹೋದೆ, ಐದು ನಿಮಿಷಕ್ಕೆ ಹನ್ನೊಂದಾಯಿತು. ಬಾಯಿ ಮುಚ್ಚಿ, ಮಾತು ಹುಡುಕಿ, "ನಂಗೆ ಸುಮ್ಮನೆ ನಿನ್ನ ಜೊತೆ ಮಾತಾಡಬೇಕು ಅನ್ನಿಸ್ತಿದೆ ಪುಟ್ಟಿ" ಎಂದೆ. ಆ ಕಡೆ ಒಂದು ಗಳಿಗೆ ಸದ್ದಿರಲಿಲ್ಲ.

"ಮಾತಾಡಮ್ಮಾ" ಎಂದಳು. ಅದೂ ವಿಧ್ಯರ್ಥವೇ.