ಪಾಂತಾಕ್ಕೆ ನಿಂಬೆಯ ಹುಳಿ ಬೇಡ

ಮೇ ತಿಂಗಳ ಕೋಲ್ಕತ್ತದಲ್ಲಿ ಬೆಳಗ್ಗೆ ಪಾಂತಾ ಭಾತ್‌ನ ಗಡಿಗೆಯ ಮುಚ್ಚಳ ತೆಗೆದರೆ ಮೊದಲು ಕಾಣುವುದು ಗುಳ್ಳೆ. ರಾತ್ರಿ ಅನ್ನಕ್ಕೆ ಹೊಯ್ದ ನೀರು ಮಸುಕಾಗಿ, ಅಂಚಿನ ಸುತ್ತ ಸಣ್ಣಗೆ ನೊರೆಗಟ್ಟಿರುತ್ತದೆ. ಮೂಗಿಗೆ ತಿಳಿಹುಳಿ ವಾಸನೆ, ಅದರ ಬೆನ್ನಿಗೇ ಹೆಂಡದ ಒಂದು ಸುಳಿವು. ಬಂಗಾಳಿಗಳು ಆಮಾನಿ ಎನ್ನುವ ಈ ನೀರನ್ನು ಅನ್ನಕ್ಕಿಂತ ಮೊದಲು ಕುಡಿಯಬೇಕು.

ತಂಗಳನ್ನ, ಅಂಬಲಿ ಉಂಡು ಬೆಳೆದ ಕನ್ನಡಿಗರಿಗೆ ಮಾಡುವ ಬಗೆ ಹೇಳಿಕೊಡಬೇಕಿಲ್ಲ. ಆದರೂ ಒಂದೆರಡು ಮಾತು ಹೇಳಲೇಬೇಕು. ಅನ್ನ ಪೂರ್ತಿ ಆರಿದ ಮೇಲೆಯೇ ನೀರು. ಕುಚ್ಚಲಕ್ಕಿಯಾದರೆ ಬೆಳಗಿನವರೆಗೂ ಅಗುಳು ಮುದ್ದೆಯಾಗದು. ಉಪ್ಪು ಉಣ್ಣುವಾಗ ಮಾತ್ರ. ಎಲ್ಲಕ್ಕಿಂತ ಮುಖ್ಯ, ನಿನ್ನೆಯ ಆಮಾನಿಯಲ್ಲಿ ಒಂದು ಸೌಟು ಎತ್ತಿಟ್ಟು, ಹಾಲಿಗೆ ಹೆಪ್ಪು ಹಾಕಿದಂತೆ ಹೊಸ ಗಡಿಗೆಗೆ ಬೆರೆಸುವುದು. ಲ್ಯಾಕ್ಟಿಕ್ ಆಮ್ಲ ಕೊಡುವ ಬ್ಯಾಕ್ಟೀರಿಯಾ ಮೊದಲೇ ಬೇರೂರಿದರೆ ಕೊಳೆಸುವ ಜೀವಿಗಳಿಗೆ ಎಡೆ ಸಿಗುವುದು ಕಷ್ಟ.

ಬರ್ಲಿನ್‌ನ ಹುಳಿ ಗೋಧಿ ಬಿಯರ್ ‘ಬರ್ಲಿನರ್ ವೈಸೆ’ಯ ಗುಟ್ಟೂ ಇದೇ. ಈ ಬ್ಯಾಕ್ಟೀರಿಯಾಕ್ಕೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ ಆಗಿಬರುವುದಿಲ್ಲವೆಂದು ಅದನ್ನು ಅಲ್ಲಿ ತೀರಾ ಕಡಿಮೆ ಹಾಕುತ್ತಾರೆ. ಕುಡಿಯುವಾಗ ರಾಸ್ಪ್‌ಬೆರಿಯ ಕೆಂಪು ಪಾಕ ಬೆರೆಸುವವರುಂಟು. ಬೆರೆಸಲಿ, ಆ ಬಿಯರ್ ಮೊದಲು ತಾನಾಗಿ ಹುಳಿತಿರುತ್ತದೆ.

ಜಗಳವಿರುವುದು ಬಿಸಿ ಅನ್ನಕ್ಕೆ ತಣ್ಣೀರು ಸುರಿದು, ಗಂಧರಾಜ ನಿಂಬೆ ಹಿಂಡಿ, ಕರಿದ ಹಿಲ್ಸಾ ಮೀನು ಪಕ್ಕಕ್ಕಿಟ್ಟು ಪಾಂತಾ ಎಂದು ಬಡಿಸುವವರ ಜೊತೆ. ಗಂಧರಾಜದ ಪರಿಮಳಕ್ಕೆ ಯಾರ ತಕರಾರೂ ಇಲ್ಲ. ಹುಳಿಯೇ ಬಾರದ ನೀರಿಗೆ ಅದರ ರಸ ಹಿಂಡಿ ಹುಳಿ ಬಂದಿದೆ ಎನ್ನುವುದು ಮಾತ್ರ ಶುದ್ಧ ಮೋಸ. ಹುದುಗಿದ್ದರೆ ಅನ್ನದಲ್ಲಿ ಹಿಡಿದಿಟ್ಟ ಕಬ್ಬಿಣದಂಥ ಖನಿಜ ಮೈಗೆ ಹತ್ತುವುದು ಸುಲಭವಾಗುತ್ತಿತ್ತು. ನಿಂಬೆ ಹಿಂಡಿದ ಮಾತ್ರಕ್ಕೆ ಗಡಿಗೆಯ ಆ ಕೆಲಸ ಆಗುವುದಿಲ್ಲ. ಬಡವರ ಊಟದ ಹೆಸರು ಬೇಕು, ಅವರು ಕಾದ ರಾತ್ರಿ ಬೇಡ ಎಂದರೆ ಹೇಗೆ?

ಮುಕುಂದರಾಮ ಚಕ್ರವರ್ತಿಯ ‘ಚಂಡೀಮಂಗಲ’ ಕಾವ್ಯದಲ್ಲಿ ಬೇಡರ ಫುಲ್ಲರಾಗೆ ಆಮಾನಿ ಕುಡಿಯಲು ಪಾತ್ರೆಯೂ ಇಲ್ಲ, ನೆಲದಲ್ಲಿ ತೋಡಿದ ಗುಂಡಿಯೇ ಗತಿ. ಅದೇ ಪಾಂತಾ 2021ರಲ್ಲಿ ‘ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ’ದ ಅಂತಿಮ ಸುತ್ತಿಗೆ ಬಂತು. ಸ್ಪರ್ಧಿ ಕಿಶ್ವರ್ ಚೌಧುರಿ ಅದಕ್ಕೆ ಹೊಗೆಯ ಘಮ ಕೊಟ್ಟು, ಆಲೂ ಭರ್ತಾ, ಸಾರ್ಡೀನ್ ಜೊತೆ ಬಡಿಸಿದರು.

ಪಾಂತಾದ ಮರ್ಯಾದೆ ಉಳಿದಿರುವುದು ‘ಅರಂಧನ್’ ಹಬ್ಬದಲ್ಲಿ. ಸೆಪ್ಟೆಂಬರ್ ನಡುವೆ, ಭಾದ್ರ ಮಾಸದ ಕೊನೆಗೆ, ಹಿಂದಿನ ರಾತ್ರಿಯೇ ಅಡುಗೆ ಮುಗಿಸಿ ನಾಗದೇವತೆ ಮನಸಾದೇವಿಗೆ ಒಪ್ಪಿಸಿ, ಮರುದಿನ ಪಾಂತಾವನ್ನು ಕೆಸುವಿನ ಪಲ್ಯದ ಜೊತೆ ತಣ್ಣಗೆ ಉಣ್ಣುತ್ತಾರೆ. ಆ ದಿನ ಒಲೆ ಹಚ್ಚುವಂತಿಲ್ಲ, ಹಾಗಾಗಿ ಅವಸರದ ಪಾಂತಾಕ್ಕೆ ಅಲ್ಲಿ ದಾರಿಯೇ ಇಲ್ಲ.