ಮಾತ್ರೆಗಾಗಿ ಮ್ಯೂನಿಕ್ ಸುತ್ತಿದ ಶನಿವಾರ

ಮಗಳ ಬಾಣಂತನಕ್ಕೆಂದು ವಿದೇಶಕ್ಕೆ ಹೋಗುವ ಅಮ್ಮಂದಿರು ಈಗ ನಮ್ಮ ಕೆಂಗೇರಿ ಉಪನಗರದಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಅಂಟಿನುಂಡೆ, ಮೆಂತ್ಯದ ಪುಡಿ, ಮೆತ್ತನೆಯ ಹಳೇ ಪಂಚೆ ಎಲ್ಲ ಕಟ್ಟಿಕೊಂಡು ವಿಮಾನ ಹತ್ತುತ್ತೇವೆ. ಆದರೆ ಭಾಷೆ ಬಾರದ ಊರಿನಲ್ಲಿ ಒಬ್ಬರೇ ಹೋಗಿ ಒಂದು ಮಾತ್ರೆ ತರಬೇಕಾಗಿ ಬಂದರೆ? ಜರ್ಮನಿಯ ಮ್ಯೂನಿಕ್‌ನಲ್ಲಿ ನನಗೆ ಅಂಥದೊಂದು ದಿನ ಬಂತು.

ಮೊಮ್ಮಗು ಹುಟ್ಟಿ ಹದಿನೈದು ದಿನವಾಗಿತ್ತು. ಮಗಳಿಗೆ ಎದೆಹಾಲು ಕಟ್ಟಿಕೊಂಡು ಚಳಿಜ್ವರ. ಶುಕ್ರವಾರ ನೋಡಿದ ಡಾಕ್ಟರು, ಬೆಳಿಗ್ಗೆಯೊಳಗೆ ಜ್ವರ ಇಳಿಯದಿದ್ದರೆ ಆಂಟಿಬಯಾಟಿಕ್ ಶುರು ಮಾಡಿ ಅಂದಿದ್ದರು. ಬೆಳಿಗ್ಗೆ ಮೈ ಇನ್ನೂ ಕೆಂಡದ ಹಾಗೇ ಇತ್ತು. ಅಳಿಯಂದಿರು ಆಫೀಸಿನ ಕೆಲಸಕ್ಕೆ ಬರ್ಲಿನ್‌ಗೆ ಹೋದವರು, ಬರುವುದು ರಾತ್ರಿ. ಅಲ್ಲಿ ಭಾನುವಾರ ಅಂಗಡಿಗಳು ಬಂದ್. ಆ ದಿನದ ವಿಶ್ರಾಂತಿಗೆ ಅವರ ಸಂವಿಧಾನದಲ್ಲೇ ರಕ್ಷಣೆ ಇದೆ. ಶನಿವಾರವೂ ಎಷ್ಟೋ ಔಷಧಿ ಅಂಗಡಿಗಳು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತವೆ.

“ಅಮ್ಮಾ, ನೀನೊಬ್ಬಳೇ ಹೋಗ್ತೀಯಾ?”

“ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಕಣೆ. ಕೊಡು ಇಲ್ಲಿ,” ಅಂದೆ. ಧೈರ್ಯ ಬಾಯಲ್ಲಿತ್ತು, ಕಾಲಲ್ಲಿರಲಿಲ್ಲ.

ಅವಳು ಕೊಟ್ಟಿದ್ದು ಡಾಕ್ಟರ ಚೀಟಿಯಲ್ಲ, ಆರೋಗ್ಯ ವಿಮೆಯ ಕಾರ್ಡು. 2024ರಿಂದ ಅಲ್ಲಿ ಔಷಧಿ ಬರೆಯುವುದು ಹೆಚ್ಚಾಗಿ ಕಂಪ್ಯೂಟರಿನಲ್ಲೇ. ಅಂಗಡಿಯವರು ಕಾರ್ಡನ್ನು ಯಂತ್ರಕ್ಕೆ ಹಾಕಿದರೆ ಯಾವ ಮಾತ್ರೆ ಅಂತ ತೋರಿಸುತ್ತದೆ. ಔಷಧಿ ಅಂಗಡಿಗೆ ಅವರು ‘ಅಪೊಟೇಕೆ’ ಅನ್ನುತ್ತಾರೆ. ಕೆಂಪು ಬಣ್ಣದ ದೊಡ್ಡ ‘ಎ’ ಅಕ್ಷರವೇ ಗುರುತು. ಬೀದಿ ಕೊನೆಯ ಅಂಗಡಿಯಲ್ಲಿ ಆ ಮಾತ್ರೆ ಇರಲಿಲ್ಲ. ನನ್ನ ಮುಖ ನೋಡಿದ ಆಕೆ ತಾನೇ ಇನ್ನೊಂದು ಅಂಗಡಿಗೆ ಫೋನ್ ಮಾಡಿ ತೆಗೆದಿಡಲು ಹೇಳಿ, ವಿಳಾಸ ಬರೆದುಕೊಟ್ಟರು. ಅದು ಊರ ನಡುವಿನ ಮರೀಯನ್‌ಪ್ಲಾಟ್ಸ್ ಚೌಕದ ಹತ್ತಿರ. ಒಂದು ಗಂಟೆಗೆ ಮುಚ್ಚುತ್ತಾರಂತೆ.

ಹರಾಸ್ ಎಂಬ ನಿಲ್ದಾಣದಲ್ಲಿ ನೆಲದಡಿಯ ರೈಲಿಗೆ ಇಳಿದೆ. ನಮ್ಮ ಕೆಂಗೇರಿ ಮೆಟ್ರೋದಲ್ಲಿ ಕಾರ್ಡ್ ತೋರಿಸದೆ ಗೇಟು ತೆರೆಯುವುದಿಲ್ಲ. ಇಲ್ಲಿ ಗೇಟೇ ಇಲ್ಲ! ಟಿಕೆಟನ್ನು ನೀಲಿ ಪೆಟ್ಟಿಗೆಯೊಳಗೆ ತೂರಿಸಿ ನಾವೇ ಮುದ್ರೆ ಹಾಕಿಕೊಳ್ಳಬೇಕು. ಮುದ್ರೆಯಿಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ‘ಟಕ್’ ಅಂತ ಮುದ್ರೆ ಬಿದ್ದ ಮೇಲೇ ರೈಲು ಹತ್ತಿದೆ. ನಿಲ್ದಾಣಗಳ ಹೆಸರು ನಾಲಿಗೆಗೆ ನಿಲ್ಲುವಂಥವಲ್ಲ. ಬೆರಳು ಮಡಚಿ ಎಣಿಸಿದೆ. ಐದನೆಯದಕ್ಕೆ ಇಳಿದೆ.

ಮೇಲೆ ಬಂದರೆ ಜನಜಾತ್ರೆ. ಸರಿಯಾಗಿ ಹನ್ನೊಂದು ಗಂಟೆ. ಪುರಭವನದ ಗೋಪುರದಲ್ಲಿ 43 ಗಂಟೆಗಳ ವಾದ್ಯ ಶುರುವಾಗಿ, ಆಳೆತ್ತರದ ಬೊಂಬೆಗಳು ಸುತ್ತುತ್ತಿದ್ದವು. 1908ರಿಂದ ಇರುವ ಈ ಬೊಂಬೆಯಾಟ ನೋಡಲು ದೇಶದೇಶದವರು ಬರುತ್ತಾರೆ. ಅವರೆಲ್ಲ ತಲೆಯೆತ್ತಿ ನಿಂತಿದ್ದರೆ, ನಾನೊಬ್ಬಳು ತಲೆ ತಗ್ಗಿಸಿ ವಿಳಾಸ ನೋಡುತ್ತಾ ಅವರ ನಡುವೆ ನುಸುಳುತ್ತಿದ್ದೆ. ಕೊನೆಗೆ ಊರುಗೋಲು ಹಿಡಿದ ಅಜ್ಜಿಯೊಬ್ಬರಿಗೆ ಚೀಟಿ ತೋರಿಸಿದೆ. ಅವರ ಮಾತು ನನಗೆ ತಿಳಿಯದು, ನನ್ನದು ಅವರಿಗೆ. ಸುಮ್ಮನೆ ನನ್ನ ತೋಳು ಹಿಡಿದು ಅಂಗಡಿ ಬಾಗಿಲವರೆಗೂ ಬಿಟ್ಟು ಹೋದರು.

ಮಾತ್ರೆ ಕೈಗೆ ಬಂದಾಗ ಕಣ್ಣು ತುಂಬಿತು. ಅಲ್ಲೇ ಬಾಣಂತಿಯರ ‘ಟೀ’ ಪೊಟ್ಟಣವೂ ಇತ್ತು. ಮೂಸಿದರೆ ನಮ್ಮ ಸೋಂಪಿನ ಘಮ! ಎದೆಹಾಲಿಗೆ ಸೋಂಪು ಒಳ್ಳೆಯದೆಂಬ ಮಾತು ಅಲ್ಲೂ ಇದೆಯಂತೆ.

ಪಕ್ಕದಲ್ಲೇ ವಿಕ್ಟುವಾಲಿಯನ್‌ಮಾರ್ಕ್ಟ್ ಎಂಬ, 1807ರಲ್ಲಿ ಶುರುವಾದ ಹಳೇ ಸಂತೆ. ಅಲ್ಲಿ ಹಸಿರಾಗಿ ನಗುತ್ತಿದ್ದದ್ದು ಸಬ್ಬಸಿಗೆ ಸೊಪ್ಪು! ಅವರು ಮೀನಿಗೂ ಸೌತೆಕಾಯಿಗೂ ಹಾಕುವ ‘ಡಿಲ್’ ಇದೇ. ನಮ್ಮ ಹಾಗೆ ಕೈಯಲ್ಲಿ ಮುಟ್ಟಿ ಆರಿಸುವಂತಿಲ್ಲ. ಬೆರಳು ತೋರಿಸಿದರೆ ಅವರೇ ಕೊಡುತ್ತಾರೆ. ಎರಡು ಕಟ್ಟು ತೆಗೆದುಕೊಂಡೆ. ಮತ್ತೆ ಬೆರಳು ಮಡಚುತ್ತಾ ಐದು ನಿಲ್ದಾಣ.

ಹನ್ನೆರಡೂವರೆಗೆ ಮಗಳು ಮೊದಲ ಮಾತ್ರೆ ನುಂಗಿದಳು. ಸಬ್ಬಸಿಗೆ ಸೊಪ್ಪಿನ ಪಲ್ಯದಲ್ಲಿ ಎರಡು ತುತ್ತು ಉಂಡು ಮಲಗಿದಳು. ಭಾನುವಾರ ರಾತ್ರಿ ಹಣೆ ಮುಟ್ಟಿದರೆ ತಣ್ಣಗಿತ್ತು.

ಹೊರಡಲಿರುವ ಅಮ್ಮಂದಿರಿಗೆ ನನ್ನದೊಂದು ಮಾತು. ಅಡುಗೆಮನೆಯಲ್ಲೇ ಉಳಿಯಬೇಡಿ. ಹೋದ ವಾರದಲ್ಲೇ ಔಷಧಿ ಅಂಗಡಿ, ದಿನಸಿ ಅಂಗಡಿ, ರೈಲು ನಿಲ್ದಾಣ, ಈ ಮೂರು ದಾರಿಯನ್ನು ಒಬ್ಬರೇ ಒಮ್ಮೆ ನಡೆದುಬಿಡಿ. ಜರ್ಮನಿಯಾದರೆ, ರಾತ್ರಿ ಮತ್ತು ಭಾನುವಾರಗಳಲ್ಲಿ ಸರದಿಯಂತೆ ಯಾವ ಔಷಧಿ ಅಂಗಡಿ ತೆರೆದಿರುತ್ತದೆ ಎಂದು ಪ್ರತಿ ಅಂಗಡಿಯ ಬಾಗಿಲಲ್ಲೂ ತಿಳಿಸಿರುತ್ತಾರೆ. ಡಾಕ್ಟರು ಸಿಗದ ಹೊತ್ತಿಗೆ 116117, ಪ್ರಾಣಾಪಾಯಕ್ಕೆ 112. ಈ ಎರಡು ನಂಬರು ಫ್ರಿಜ್ಜಿನ ಮೇಲೆ ಅಂಟಿಸಿಡಿ. ಮಿಕ್ಕಿದ್ದಕ್ಕೆ ಕೈ ಹಿಡಿಯುವ ಅಜ್ಜಿಯರು ಎಲ್ಲ ಊರಲ್ಲೂ ಇರುತ್ತಾರೆ.